ಹೊಗೆಸೊಪ್ಪಿನ ತಳಿಯೂ ಬೆಳೆಗಾರನ ಅನುಭವವೂ

ಹುಣಸೂರು, ಅದರ ಸುತ್ತ ಹೊಂದಿಕೊಂಡಿರುವ ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳ ಮರಳುಮಿಶ್ರಿತ ಕೆಮ್ಮಣ್ಣಿನ ಹೊಲಗಳಲ್ಲಿ ಮುಂಗಾರು ಮಳೆಯನ್ನೇ ನಚ್ಚಿಕೊಂಡು ವರ್ಜೀನಿಯಾ ಹೊಗೆಸೊಪ್ಪನ್ನು ಬೆಳೆಯುವ ರೈತನು, ಪ್ರತಿವರ್ಷವೂ ಸಸಿಮಡಿಯ ಮಣ್ಣನ್ನು ಹಸನುಗೊಳಿಸುವುದಕ್ಕೆ ಮುಂಚೆ ಇತ್ಯರ್ಥ ಮಾಡಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ಈ ಸಲ ಯಾವ ತಳಿ? ನೆರೆಯವನ ಹೊಲದ ಸೊಂಪನ್ನು ಕಂಡೋ, ಕಳೆದ ವರ್ಷದ ಹರಾಜಿನಲ್ಲಿ ಯಾರದೋ ಸೊಪ್ಪಿಗೆ ಬಂದ ಬೆಲೆಯನ್ನು ಕೇಳಿಯೋ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವವರೇ ಹೆಚ್ಚು. ಆದರೆ ತಳಿಯ ಆಯ್ಕೆಯು ತನ್ನ ಮಣ್ಣು, ಸೊಪ್ಪನ್ನು ಬೇಯಿಸಿ ಹದಗೊಳಿಸುವ ಮನೆಯಾದ ತನ್ನ ಬ್ಯಾರನ್ನು, ತನ್ನ ಕೈಯ ಪಳಗಿಕೆ ಎಂಬ ಮೂರರಿಂದ ನಿರ್ಣಯವಾಗತಕ್ಕದ್ದೇ ಹೊರತು ಪರರ ಅದೃಷ್ಟದಿಂದಲ್ಲ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ದಕ್ಷಿಣ ಅಮೆರಿಕದ ಮೂಲದ ಈ ಸಸ್ಯವು ಪೋರ್ಚುಗೀಸರ ಕಾಲದಲ್ಲಿ ಭಾರತಕ್ಕೆ ಬಂದದ್ದು ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಅದರ ವೈಜ್ಞಾನಿಕ ಸಂಶೋಧನೆಗೆಂದು ರಾಜಮಹೇಂದ್ರಿಯಲ್ಲಿ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆ ಸ್ಥಾಪಿತವಾದದ್ದು 1947ರಲ್ಲಿ. ಅದರ ಶಾಖೆಯೊಂದು ಹುಣಸೂರಿನಲ್ಲಿದ್ದು, ಈ ಸೀಮೆಯ ಹಗುರ ಮಣ್ಣಿಗೆ ಒಗ್ಗುವ ತಳಿಗಳನ್ನು ಪರೀಕ್ಷಿಸಿ ರೈತರಿಗೆ ಒದಗಿಸುತ್ತ ಬಂದಿದೆ. 1976ರಲ್ಲಿ ಗುಂಟೂರಿನಲ್ಲಿ ಕೇಂದ್ರಸ್ಥಾನವನ್ನು ಹೊಂದಿ ತಂಬಾಕು ಮಂಡಳಿಯು ಅಸ್ತಿತ್ವಕ್ಕೆ ಬಂದಿತು. 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿಯು ಆರಂಭವಾಯಿತು. ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣ, ಕಂಪಲಾಪುರ, ಎಚ್.ಡಿ. ಕೋಟೆ ಮುಂತಾದ ಕಡೆಗಳ ಹರಾಜು ಮಾರುಕಟ್ಟೆಗಳು ಇಂದು ಈ ಸೀಮೆಯ ಸಾವಿರಾರು ಸಂಸಾರಗಳ ವರ್ಷದ ಲೆಕ್ಕಾಚಾರವನ್ನು ತೀರ್ಮಾನಿಸುವ ಸ್ಥಳಗಳಾಗಿವೆ.

ಈ ನೆಲದಲ್ಲಿ ಕಾಲಕಾಲಕ್ಕೆ ಭವ್ಯ, ರತ್ನ, ತೃಪ್ತಿ, ಸಹ್ಯಾದ್ರಿ ಮುಂತಾದ ತಳಿಗಳು ಬಂದಿವೆ. ಆದರೂ ದೀರ್ಘಕಾಲದಿಂದ ಅತ್ಯಧಿಕ ಭಾಗವನ್ನು ಆಕ್ರಮಿಸಿಕೊಂಡಿರುವುದು ಕಾಂಚನ. ಮೊದಲನೆಯದು ಕೈಯ ಪಳಗಿಕೆಯ ವಿಚಾರ. ಹೊಸದಾಗಿ ಹೊಗೆಸೊಪ್ಪಿಗೆ ಕೈಹಾಕುವವನು, ತಂದೆಯ ಕಾಲದ ಬ್ಯಾರನ್ನು ತನ್ನ ಪಾಲಿಗೆ ಬಂದು ಮೊದಲ ಬಾರಿ ಸ್ವತಃ ಬೆಂಕಿ ಹಾಕಬೇಕಾದವನು, ಕಾಂಚನದಿಂದಲೇ ಪ್ರಾರಂಭಿಸುವುದು ವಿವೇಕವೆಂದು ನನ್ನ ದೃಢವಾದ ಅಭಿಪ್ರಾಯ. ಆ ತಳಿಯ ನಡೆನುಡಿಗಳನ್ನೆಲ್ಲ ಊರಿಗೆ ಊರೇ ಬಲ್ಲದು: ಯಾವಾಗ ಕುಡಿ ಮುರಿಯಬೇಕು, ಬುಡದ ಎಲೆ ಯಾವ ಬಣ್ಣಕ್ಕೆ ತಿರುಗಿದಾಗ ಕೊಯ್ಯಬೇಕು, ಬ್ಯಾರನ್ನಿನಲ್ಲಿ ಎಷ್ಟು ಹೊತ್ತು ತಡೆಯಬೇಕು ಎಂಬುದನ್ನು ಕೇಳಿದರೆ ಪಕ್ಕದ ಮನೆಯ ಅಜ್ಜನಾದರೂ ಹೇಳಬಲ್ಲನು. ಅನನುಭವಿಗೆ ತಳಿಯ ಇಳುವರಿಗಿಂತ, ಆ ತಳಿಯನ್ನು ಕುರಿತು ಊರಿನಲ್ಲಿ ಸಂಚಯವಾಗಿರುವ ಈ ಜ್ಞಾನವೇ ಹೆಚ್ಚು ಬೆಲೆಯುಳ್ಳದ್ದು.

ಎರಡನೆಯದಾಗಿ ಮಣ್ಣಿನ ವಿಚಾರ. ತನ್ನ ಹೊಲದಲ್ಲಿ ಯಾವ ರೋಗವು ಮನೆಮಾಡಿದೆಯೆಂಬುದನ್ನು ಅರಿಯದೆ ತಳಿಯನ್ನು ಆರಿಸುವವನಿಗೆ ಎಂಥ ಉತ್ತಮ ಬೀಜವೂ ಕೈಕೊಡಬಹುದು. ಕೊನೆಯ ಕೊಯ್ಲಾದ ಮೇಲೆ ಹೊಲದ ನಾಲ್ಕು ಮೂಲೆಗಳಲ್ಲಿಯೂ ನಡುಭಾಗದಲ್ಲಿಯೂ ಕೆಲವು ಗಿಡಗಳನ್ನು ಬೇರುಸಹಿತ ಕಿತ್ತು ಮಣ್ಣನ್ನು ಕೊಡವಿ ನೋಡಬೇಕು. ಬೇರಿನ ಉದ್ದಕ್ಕೂ ಸಣ್ಣ ದೊಡ್ಡ ಗಂಟುಗಳು ಎದ್ದಿದ್ದರೆ ಅದು ಬೇರುಗಂಟು ಜಂತುಹುಳುವಿನ ಬಾಧೆ. ಬುಡ ಕಪ್ಪಾಗಿ ಬಾಡಿದ ಗಿಡದ ಕಾಂಡವನ್ನು ಉದ್ದುದ್ದಕ್ಕೆ ಸೀಳಿದಾಗ, ಒಳಗಿನ ತಿರುಳು ಒಣಗಿ ಬಿಲ್ಲೆಬಿಲ್ಲೆಯಾಗಿ ಬೇರ್ಪಟ್ಟು ಒಂದರ ಮೇಲೊಂದು ಜೋಡಿಸಿಟ್ಟಂತೆ ಕಂಡರೆ ಅದು ಕಪ್ಪುಕಾಂಡ ರೋಗದ ಗುರುತು. ಗಿಡದ ಒಂದು ಮಗ್ಗುಲಿನ ಎಲೆಗಳು ಮಾತ್ರ ಹಳದಿಯಾಗಿ, ಮತ್ತೊಂದು ಮಗ್ಗುಲು ಹಸುರಾಗಿಯೇ ಇದ್ದು, ಆ ಬಾಡಿದ ಕಡೆಯ ತೊಗಟೆಯನ್ನು ಕೆರೆದರೆ ಒಳಗೆ ಕಂದು ಬಣ್ಣ ತೋರಿದರೆ ಅದು ಫ್ಯುಸೇರಿಯಂ ಸೊರಗು ರೋಗ. ಸೊರಗು ರೋಗಕ್ಕೆ ತುತ್ತಾದ ಹೊಲದಲ್ಲಿ ಹಳೆಯ ಪ್ರೀತಿಗಾಗಿ ಕಾಂಚನವನ್ನೇ ಹಿಡಿದು ಕುಳಿತುಕೊಳ್ಳುವುದು ಜಾಣತನವಲ್ಲ. ಆ ರೋಗವನ್ನು ತಡೆಯುವ ಗುಣಕ್ಕಾಗಿಯೇ ಹುಣಸೂರಿನ ಕೇಂದ್ರವು ಎಫ್‌ಸಿಎಚ್-222 ಎಂಬ ತಳಿಯನ್ನು ರೂಪಿಸಿದೆ. ಜಂತುಹುಳುವಿನ ಬಾಧೆಯಿದ್ದಲ್ಲಿ ಒಂದು ವರ್ಷ ರಾಗಿಯನ್ನು ಬೆಳೆದು ನೆಲಕ್ಕೆ ವಿಶ್ರಾಂತಿಯನ್ನು ಕೊಡುವುದು ಯಾವ ತಳಿಯ ಬದಲಾವಣೆಗಿಂತಲೂ ಕಡಿಮೆಯ ಉಪಾಯವಲ್ಲ.

ಮೂರನೆಯದು ಬ್ಯಾರನ್ನು. ಹೊಲದಲ್ಲಿ ಬೆಳೆದದ್ದೆಲ್ಲ ಬೆಳೆಯಲ್ಲ, ಬ್ಯಾರನ್ನಿನಿಂದ ಹೊರಬಂದದ್ದೇ ಬೆಳೆ ಎಂಬುದನ್ನು ಈ ಕಸುಬನ್ನು ಬಲ್ಲ ಎಲ್ಲರೂ ಒಪ್ಪುವರು. ಪ್ರತಿ ಕೊಯ್ಲಿಗೂ ಗಿಡವೊಂದರಿಂದ ಎರಡು ಮೂರು ಎಲೆಗಳಂತೆ ಬುಡದಿಂದ ಮೇಲಕ್ಕೆ ಕಿತ್ತು ತಂದು, ಹೆಂಗಸರು ಅವನ್ನು ಕಡ್ಡಿಗಳಿಗೆ ಕಟ್ಟಿ, ಸಾಲುಸಾಲಾಗಿ ತೂಗುಹಾಕಿದ ಮೇಲೆ ಐದಾರು ದಿನಗಳ ಅಗ್ನಿಪರೀಕ್ಷೆ ಮೊದಲಾಗುತ್ತದೆ. ಹೊಗೆಯು ಎಲೆಗೆ ಸೋಕದಂತೆ ಕೊಳವೆಗಳೊಳಗೆ ಹಾಯ್ದ ಕಾವು, ಮೊದಲಿಗೆ ಫಾರನ್‌ಹೀಟಿನ 90ರಿಂದ 100 ಡಿಗ್ರಿಯ ಆಸುಪಾಸಿನಲ್ಲಿ ಮಂದವಾಗಿ ನಿಂತು ಎಲೆಯನ್ನು ಹಳದಿಗೆ ತಿರುಗಿಸುತ್ತದೆ. ಆಮೇಲೆ ಕ್ರಮೇಣ ಏರಿ ಆ ಬಣ್ಣವನ್ನು ಸ್ಥಿರಗೊಳಿಸುತ್ತದೆ. ಕಡೆಗೆ 160ರ ಸುಮಾರಿಗೆ ಮುಟ್ಟಿ ಎಲೆಯ ನಡುನರವನ್ನು ಒಣಗಿಸುತ್ತದೆ. ಹಳದಿಯಾಗುವ ಮುನ್ನವೇ ಅವಸರದಿಂದ ಕಾವನ್ನೇರಿಸಿದರೆ ಹಸುರು ಎಲೆಯಲ್ಲಿಯೇ ಉಳಿದುಬಿಡುತ್ತದೆ. ತೇವವು ಹೊರಹೋಗಲು ಗವಾಕ್ಷಿಯನ್ನು ತೆರೆಯದೆ ತಡಮಾಡಿದರೆ ಹಳದಿ ಕೆಟ್ಟು ಕಂದಾಗುತ್ತದೆ. ರಾತ್ರಿಯೆಲ್ಲ ಎಚ್ಚರವಿದ್ದು ಉಷ್ಣಮಾಪಕದ ಮೇಲೆ ಕಣ್ಣಿಟ್ಟಿರಬಲ್ಲವನಿಗೂ, ನೇಮಿಸಿದ ಆಳಿನ ನಿದ್ದೆಯನ್ನು ನಂಬಿದವನಿಗೂ ಒಂದೇ ತಳಿಯು ಎರಡು ಬಗೆಯ ಸೊಪ್ಪನ್ನು ಕೊಡುತ್ತದೆ.

ಆದಕಾರಣ ಎಲೆಗಳು ಒಮ್ಮೆಲೇ ಮಾಗುವ ತಳಿ ಒಳ್ಳೆಯದೋ, ಹಂತಹಂತವಾಗಿ ಮಾಗುವುದು ಒಳ್ಳೆಯದೋ ಎಂಬ ಪ್ರಶ್ನೆಗೆ ಸರ್ವಸಾಮಾನ್ಯವಾದ ಉತ್ತರವಿಲ್ಲ. ಒಂದೇ ಬ್ಯಾರನ್ನುಳ್ಳವನಿಗೆ ಹೊಲವೆಲ್ಲ ಒಟ್ಟಿಗೆ ಹಣ್ಣಾದರೆ ಬೇಯಿಸುವ ಸರದಿಗಾಗಿ ಕಾದ ಎಲೆಗಳು ಗಿಡದಲ್ಲಿಯೇ ಹಾಳಾಗುತ್ತವೆ. ಆಳೂ ಬ್ಯಾರನ್ನೂ ಸಾಕಷ್ಟಿದ್ದವನಿಗೆ ಏಕರೂಪದ ಮಾಗುವಿಕೆಯೇ ಲಾಭ. ಒಂದು ಕಿಲೋಗ್ರಾಂ ಹದವಾದ ಸೊಪ್ಪಿಗೆ ಸುಮಾರು ನಾಲ್ಕೈದು ಕಿಲೋಗ್ರಾಂ ಸೌದೆ ಬೇಕಾಗುವ ಈ ಕಾಲದಲ್ಲಿ, ಅರ್ಧಂಬರ್ಧ ಮಾಗಿದ ಎಲೆಯನ್ನು ತುಂಬಿಸಿ ಬೇಯಿಸುವುದು ಸೌದೆಯನ್ನೂ ಕಾಡನ್ನೂ ಏಕಕಾಲಕ್ಕೆ ನಷ್ಟಮಾಡಿಕೊಂಡಂತೆ.

ಇನ್ನು ಅನುಭವ ಪಕ್ವವಾದ ಬೆಳೆಗಾರನ ವಿಚಾರ. ಅವನು ಸಿಎಚ್-1, ಸಿಎಚ್-3 ಮೊದಲಾದ ಸಂಕರ ತಳಿಗಳತ್ತ ಮನಸ್ಸು ಹರಿಸುವುದು ಸಹಜ, ಯುಕ್ತವೂ ಹೌದು. ಆದರೆ ಹೊಗೆಸೊಪ್ಪು ಸ್ವಕೀಯ ಪರಾಗಸ್ಪರ್ಶದ ಸಸ್ಯವಾದುದರಿಂದ ಕಾಂಚನದಂತಹ ತಳಿಯ ಹೂಗೊಂಚಲಿಗೆ ಚೀಲ ಕಟ್ಟಿ ಬೀಜವನ್ನು ಉಳಿಸಿಕೊಳ್ಳಬಹುದಾಗಿದ್ದರೂ, ಸಂಕರದ ಬೀಜವನ್ನು ಪ್ರತಿವರ್ಷವೂ ಹೊಸದಾಗಿಯೇ ತರಬೇಕಾಗುತ್ತದೆ. ಒಂದು ಗ್ರಾಮಿಗೆ ಹತ್ತು ಸಾವಿರಕ್ಕೂ ಮಿಕ್ಕಿದ ಬೀಜಗಳು ಹಿಡಿಯುವ ಈ ಧೂಳಿನಂತಹ ಸೂಕ್ಷ್ಮ ವಸ್ತುವಿನಲ್ಲಿ ಕಲಬೆರಕೆಯನ್ನು ಕಣ್ಣಿನಿಂದ ಕಂಡುಹಿಡಿಯುವುದು ಅಶಕ್ಯ. ಆದಕಾರಣ ಅಧಿಕೃತ ಮೂಲದಿಂದಲ್ಲದೆ ಬೇರೆಲ್ಲಿಂದಲೂ ಬೀಜವನ್ನು ಕೊಳ್ಳಕೂಡದು. ಹೊಸ ತಳಿಯನ್ನು ಮೊದಲ ವರ್ಷ ಹೊಲದ ಒಂದು ತುಂಡಿನಲ್ಲಿ ಮಾತ್ರ ಹಾಕಿ, ಅದರ ಎಲೆಯನ್ನು ಪ್ರತ್ಯೇಕವಾಗಿ ಬೇಯಿಸಿ, ಬಂದ ತೂಕವನ್ನೂ ದರ್ಜೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡುವ ಪದ್ಧತಿಯನ್ನು ಎಲ್ಲರೂ ರೂಢಿಸಿಕೊಂಡರೆ ಊರಿನ ಅನುಭವ ಊರಿನಲ್ಲಿಯೇ ಉಳಿಯುತ್ತದೆ.

ರುಚಿಯ ವಿಷಯದಲ್ಲಿ ಬೆಳೆಗಾರನಿಗೆ ಸ್ವಾತಂತ್ರ್ಯ ಕಡಿಮೆ. ಹಗುರ ಮಣ್ಣಿನ ಈ ಸೊಪ್ಪು ತನ್ನ ಸೌಮ್ಯತೆಗಾಗಿಯೇ ಹೊರದೇಶಗಳವರಿಗೆ ಬೇಕಾದದ್ದು. ಬುಡದ ಎಲೆ ತೆಳುವಾಗಿಯೂ ತುದಿಯ ಎಲೆ ದಪ್ಪವಾಗಿಯೂ ನಿಕೋಟಿನ್ನಿನಿಂದ ಪುಷ್ಟವಾಗಿಯೂ ಇರುವುದರಿಂದ, ಯಾವ ಎಲೆಯನ್ನು ಯಾವುದರೊಂದಿಗೆ ಬೆರೆಸಿ ಬೇಲು ಕಟ್ಟಿದರೆಂಬುದು ಬೆಲೆಯನ್ನು ಏರಿಳಿಸುತ್ತದೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡು ಸೊಪ್ಪಿನ ಉರಿಯುವ ಗುಣವನ್ನೇ ಕೆಡಿಸುವುದರಿಂದ ಅದನ್ನು ಬಿಟ್ಟು ಸಲ್ಫೇಟಿನ ಪೊಟ್ಯಾಷನ್ನೇ ಹಾಕತಕ್ಕದ್ದು. ಎಷ್ಟು ಬೆಳೆಯಬೇಕೆಂಬುದನ್ನು ಮಂಡಳಿಯು ಪ್ರತಿವರ್ಷ ಗೊತ್ತುಮಾಡುತ್ತದೆ. ಆ ಮಿತಿಯೊಳಗೆ ತೂಕವನ್ನು ಹಿಗ್ಗಿಸುವ ತಳಿಗಿಂತ ದರ್ಜೆಯನ್ನು ಎತ್ತುವ ತಳಿಯೇ ಗೃಹಸ್ಥನಿಗೆ ಹಿತ.

ಈ ಬೆಳೆಯ ಇನ್ನೊಂದು ಮುಖವನ್ನು ಮರೆಮಾಚಿ ಲೇಖನವನ್ನು ಮುಗಿಸುವುದು ನ್ಯಾಯವಲ್ಲ. ಹೊಗೆಸೊಪ್ಪು ಮನುಷ್ಯನ ಆರೋಗ್ಯಕ್ಕೆ ಹಾನಿಕರವೆಂಬುದು ನಿರ್ವಿವಾದ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತವು 2004ರಲ್ಲಿಯೇ ಅಂಗೀಕರಿಸಿದೆ. ಸೇದುವವನಿಗೆ ಮಾತ್ರವಲ್ಲ, ಮಳೆಯಲ್ಲಿ ತೊಯ್ದ ಎಲೆಯನ್ನು ಬರಿಗೈಯಿಂದ ಕೊಯ್ಯುವವನಿಗೂ ಚರ್ಮದ ಮೂಲಕ ನಿಕೋಟಿನ್ ಸೇರಿ ತಲೆಸುತ್ತು, ವಾಂತಿಗಳುಂಟಾಗುತ್ತವೆ. ಮಕ್ಕಳನ್ನಂತೂ ಆ ಕೆಲಸಕ್ಕೆ ಎಂದೂ ಹಚ್ಚಕೂಡದು. ಈ ಬೆಳೆಯಿಂದ ಹೊರಬರಲು ಮನಸ್ಸು ಮಾಡಿದ ರೈತನು ಹಿಮ್ಮೆಟ್ಟಿದವನಲ್ಲ, ದೂರದೃಷ್ಟಿಯುಳ್ಳವನು. ಅವನಿಗೆ ಬದಲಿ ಬೆಳೆಯನ್ನೂ ಅದಕ್ಕೆ ತಕ್ಕ ಮಾರುಕಟ್ಟೆಯನ್ನೂ ಒದಗಿಸುವುದು ಸರ್ಕಾರದ ಕರ್ತವ್ಯ. ಹೊರಬರಲಾರದೆ ಇನ್ನೂ ಇದರಲ್ಲಿಯೇ ಇರುವ ರೈತಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಬೀಜದ ಅಂಗಡಿಗೆ ಹೋಗುವ ಮುನ್ನ ನಿಮ್ಮ ಹೊಲದ ಬೇರನ್ನು ಕಿತ್ತು ನೋಡಿರಿ, ನಿಮ್ಮ ಬ್ಯಾರನ್ನಿನ ಶಕ್ತಿಯನ್ನು ಅಳೆಯಿರಿ, ಸಂದೇಹವಿದ್ದಲ್ಲಿ ಹುಣಸೂರಿನ ಸಂಶೋಧನಾ ಕೇಂದ್ರದವರನ್ನು ಕೇಳಿರಿ; ನೆರೆಯವನ ಬೆಲೆಯನ್ನು ಕೇಳಿ ತಳಿಯನ್ನು ಆರಿಸಬೇಡಿರಿ.