ಬಿಎಸ್ಸಿ ವಿದ್ಯಾರ್ಥಿಗಳಿಗೂ ಸಂಶೋಧನಾ ಲ್ಯಾಬ್ ಪ್ರವೇಶ: ಬೇಸಿಗೆಯ ಅವಕಾಶಕ್ಕೆ ಚಳಿಗಾಲದಲ್ಲೇ ಅರ್ಜಿ ಹಾಕಬೇಕು

ಮಾರ್ಚ್ ತಿಂಗಳು ಬರುತ್ತಿದ್ದಂತೆ ಅನೇಕ ಬಿಎಸ್ಸಿ ವಿದ್ಯಾರ್ಥಿಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಈ ರಜೆಯಲ್ಲಿ ದೊಡ್ಡ ಲ್ಯಾಬ್ ಒಂದರಲ್ಲಿ ಕೆಲಸ ಕಲಿಯಬಹುದೇ? ಖಂಡಿತ ಕಲಿಯಬಹುದು. ಆದರೆ ಮಾರ್ಚ್‌ನಲ್ಲಿ ವಿಚಾರಿಸುವ ಹೊತ್ತಿಗೆ ಹೆಚ್ಚಿನ ಕಡೆ ಅರ್ಜಿಯ ಗಡುವು ಮುಗಿದಿರುತ್ತದೆ.

ಕಾಲೇಜಿನಲ್ಲೇ ಪ್ರಾಕ್ಟಿಕಲ್ ಇರುವಾಗ ಇದೇಕೆ ಎನ್ನುವವರಿದ್ದಾರೆ. ಎರಡರ ನಡುವಿನ ವ್ಯತ್ಯಾಸ ದೊಡ್ಡದು. ಲೋಲಕದ ಪ್ರಯೋಗ ಮಾಡುವ ವಿದ್ಯಾರ್ಥಿಗೆ ಉತ್ತರ 9.8 ಬರಬೇಕೆಂದು ಮೊದಲೇ ಗೊತ್ತು. 9.2 ಬಂದರೆ ಏಕೆ ಹಾಗಾಯಿತೆಂದು ಹುಡುಕುವವರು ಕಡಿಮೆ. ರೀಡಿಂಗ್ ತಿದ್ದಿ ರೆಕಾರ್ಡ್ ಬುಕ್‌ಗೆ ಸಹಿ ಹಾಕಿಸಿಕೊಳ್ಳುವವರೇ ಜಾಸ್ತಿ. ಸಂಶೋಧನಾ ಲ್ಯಾಬ್‌ನಲ್ಲಿ ಉತ್ತರ ಮಾರ್ಗದರ್ಶಕರಿಗೂ ಗೊತ್ತಿರುವುದಿಲ್ಲ. ಡಿಎನ್‌ಎ ಪ್ರತಿಗಳನ್ನು ತಯಾರಿಸುವ ಪಿಸಿಆರ್ ವಾರಗಟ್ಟಲೆ ಕೈಕೊಡಬಹುದು. ತಪ್ಪು ರಾಸಾಯನಿಕದಲ್ಲೋ, ತಾಪಮಾನದಲ್ಲೋ, ತನ್ನ ಕೈಯಲ್ಲೋ ಎಂದು ಒಂದೊಂದಾಗಿ ಪರೀಕ್ಷಿಸಬೇಕು. ಕೆಟ್ಟ ಫಲಿತಾಂಶವನ್ನೂ ದಿನಾಂಕ ಸಮೇತ ನೋಟ್‌ಬುಕ್‌ನಲ್ಲಿ ಬರೆಯಬೇಕು, ಹಾಳೆ ಹರಿಯುವಂತಿಲ್ಲ. ಪಿಎಚ್‌ಡಿಯ ದಾರಿ ತನಗೆ ಒಗ್ಗುತ್ತದೆಯೇ ಎಂಬುದು ಇಂಥ ಎಂಟು ವಾರಗಳಲ್ಲಿ ಬಹುಮಟ್ಟಿಗೆ ತಿಳಿದುಬಿಡುತ್ತದೆ. ಒಗ್ಗುವುದಿಲ್ಲ ಎಂದು ತಿಳಿದರೂ ಲಾಭವೇ.

ಎಲ್ಲೆಲ್ಲಿ ಅವಕಾಶ?

ದೇಶದಾದ್ಯಂತ ಹೆಸರಾದದ್ದು ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ನೀಡುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಬೆಂಗಳೂರು, ದೆಹಲಿ ಮತ್ತು ಪ್ರಯಾಗ್‌ರಾಜ್‌ಗಳಲ್ಲಿ ಈ ಅಕಾಡೆಮಿಗಳಿವೆ. ಆಯ್ಕೆಯಾದವರು ಎರಡು ತಿಂಗಳು ವಿಜ್ಞಾನಿಯೊಬ್ಬರ ಬಳಿ ಕೆಲಸ ಮಾಡುತ್ತಾರೆ, ಸ್ಟೈಪೆಂಡ್ ಸಿಗುತ್ತದೆ. ಇದರ ಅರ್ಜಿ ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ ಮುಗಿಯುತ್ತದೆ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ರಸಾಯನಶಾಸ್ತ್ರ ಮತ್ತು ಜೀವವಿಜ್ಞಾನ ಕಾರ್ಯಕ್ರಮಗಳಲ್ಲಿ ಬಿಎಸ್ಸಿ ವಿದ್ಯಾರ್ಥಿಗಳು ಒಂದಲ್ಲ, ಮೂರು ಬೇಸಿಗೆ ಕಲಿಯುತ್ತಾರೆ. ಮುಂಬೈನ ಮಾನ್‌ಖುರ್ದ್‌ನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ 2004ರಿಂದ ಪದವಿ ವಿದ್ಯಾರ್ಥಿಗಳಿಗಾಗಿಯೇ 'ನಿಯಸ್' ಎಂಬ ಕಾರ್ಯಕ್ರಮ ನಡೆಸುತ್ತಿದೆ. ಕೊಲಾಬಾದ ಟಿಐಎಫ್‌ಆರ್, ಖಗೋಳ ವಿಜ್ಞಾನಕ್ಕಾದರೆ ಪುಣೆಯ ಐಯುಕಾ ಕೂಡ ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನು ಕರೆಯುತ್ತವೆ. ಅರ್ಹತೆ ಮತ್ತು ಗಡುವು ಪ್ರತಿವರ್ಷ ಬದಲಾಗಬಹುದು. ಆಯಾ ವೆಬ್‌ಸೈಟ್ ನೋಡುವುದು ಕಡ್ಡಾಯ.

ಕೆವಿಪಿವೈ ಪರೀಕ್ಷೆ 2022ರಲ್ಲಿ ನಿಂತು 'ಇನ್‌ಸ್ಪೈರ್' ಜತೆ ವಿಲೀನವಾಯಿತು. ಇನ್‌ಸ್ಪೈರ್ ವಿದ್ಯಾರ್ಥಿವೇತನದ ವಾರ್ಷಿಕ 80,000 ರೂಪಾಯಿಯಲ್ಲಿ 20,000 ರೂಪಾಯಿ ಬೇಸಿಗೆ ಸಂಶೋಧನಾ ಪ್ರಾಜೆಕ್ಟ್‌ಗೆಂದೇ ಮೀಸಲು. ಉಳಿದ 60,000 ಮಾತ್ರ ನೆನಪಿಟ್ಟುಕೊಂಡು ಈ ಭಾಗವನ್ನು ಮರೆಯಬಾರದು.

ಅಡ್ಡಿ ಎಲ್ಲಿದೆ?

ಅಂಕಕ್ಕಿಂತ ಹೆಚ್ಚಾಗಿ ಶಿಫಾರಸು ಪತ್ರವೇ ಸಣ್ಣ ಕಾಲೇಜಿನವರನ್ನು ಕಾಡುತ್ತದೆ. ತುಂಬಿದ ತರಗತಿಯಲ್ಲಿ ಅಧ್ಯಾಪಕರಿಗೆ ಎಲ್ಲರ ಹೆಸರೂ ನೆನಪಿರುವುದಿಲ್ಲ. ಪತ್ರ ಬೇಕಾದಾಗ ಮಾತ್ರ ಅವರ ಮುಂದೆ ನಿಲ್ಲುವುದಕ್ಕಿಂತ ಮೊದಲ ವರ್ಷದಿಂದಲೇ ಅನುಮಾನ ಕೇಳುತ್ತಾ ಪರಿಚಯವಾಗಿರುವುದು ಮೇಲು.

ಯಾವ ಯೋಜನೆಯ ನೆರವೂ ಇಲ್ಲದೆ ಪ್ರಾಧ್ಯಾಪಕರಿಗೆ ನೇರವಾಗಿ ಇಮೇಲ್ ಬರೆದು ಅವಕಾಶ ಪಡೆದವರೂ ಇದ್ದಾರೆ. 'ರೆಸ್ಪೆಕ್ಟೆಡ್ ಸರ್' ಎಂದು ಐವತ್ತು ಜನರಿಗೆ ಒಂದೇ ಮೇಲ್ ಕಳಿಸಿದರೆ ಉತ್ತರ ಬರುವುದು ಅನುಮಾನ. ಅವರ ಒಂದು ಸಂಶೋಧನಾ ಪ್ರಬಂಧ ಓದಿ, ಅದರಲ್ಲಿ ಅರ್ಥವಾಗದ ಒಂದು ಅಂಶ ಕೇಳಿ, ಯಾವ ದಿನಾಂಕದಿಂದ ಎಲ್ಲಿಯವರೆಗೆ ಬಿಡುವಿದೆ ಎಂದು ತಿಳಿಸಿ, ಅಂಕಪಟ್ಟಿ ಲಗತ್ತಿಸಿದರೆ ಸಾಕು. ಹತ್ತು ಸಾಲು ಮೀರದಿರಲಿ.

ಇಲ್ಲಿ ಖರ್ಚಿನ ಪ್ರಶ್ನೆಯೂ ಇದೆ. ಹೀಗೆ ಸಿಗುವ ಇಂಟರ್ನ್‌ಶಿಪ್‌ಗೆ ಬಹುತೇಕ ಸ್ಟೈಪೆಂಡ್ ಇರುವುದಿಲ್ಲ. ಬೆಂಗಳೂರಿನಲ್ಲಿ ಎರಡು ತಿಂಗಳ ಪಿಜಿ ಬಾಡಿಗೆ, ಊಟ ಭರಿಸಬಲ್ಲವರಷ್ಟೇ ಹೋಗಬಲ್ಲರು. ಪುಣೆ, ಹೈದರಾಬಾದ್, ಚೆನ್ನೈನಂಥ ನಗರಗಳಲ್ಲಿ ಮನೆಯಿರುವವರು ತಮ್ಮ ಊರಿನ ಲ್ಯಾಬ್‌ಗಳನ್ನೇ ಮೊದಲು ಸಂಪರ್ಕಿಸಿದರೆ ಲೋಕಲ್ ರೈಲಿನ ಪಾಸ್‌ನಲ್ಲೇ ಕೆಲಸ ಮುಗಿಯುತ್ತದೆ. ಶುಲ್ಕ ಕಟ್ಟಿಸಿಕೊಂಡು ಎರಡು ವಾರದಲ್ಲಿ ಸರ್ಟಿಫಿಕೇಟ್ ಕೊಡುವ 'ರಿಸರ್ಚ್ ಇಂಟರ್ನ್‌ಶಿಪ್'ಗಳಿಂದ ಮಾತ್ರ ದೂರವಿರುವುದು ಒಳ್ಳೆಯದು.

ನಾಲ್ಕು ವರ್ಷದ ಪದವಿ ಇರುವ ಕಡೆ, ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಅಂಕ ಪಡೆದವರು ಕೊನೆಯ ವರ್ಷ 12 ಕ್ರೆಡಿಟ್‌ನ ಸಂಶೋಧನಾ ಪ್ರಾಜೆಕ್ಟ್ ಮಾಡಬಹುದು. ಕರ್ನಾಟಕ 2024-25ರಿಂದ ಮೂರು ವರ್ಷದ ಪದವಿಗೆ ಮರಳಿದೆ. ಹಾಗಾಗಿ ಅಲ್ಲಿ ಓದುವವರಿಗೆ ಲ್ಯಾಬ್ ನೋಡಲು ಪದವಿಯ ನಡುವೆ ಸಿಗುವುದು ಎರಡೇ ಬೇಸಿಗೆ.