ಏಲಕ್ಕಿ ಜಾಹೀರಾತಿನ ಹಿಂದಿರುವ ಅಡಿಕೆ

ಧಾರೇಶ್ವರದ ಆಚೀಚೆ, ಕುಮಟಾದಿಂದ ಹೊನ್ನಾವರದವರೆಗಿನ ಹೆದ್ದಾರಿ ಬದಿಯ ಊರುಗಳಲ್ಲಿ ಏಳನೇ ತರಗತಿಯ ಯಾವ ಮಗುವನ್ನು ಕೇಳಿದರೂ ತಂಬಾಕು ಕೆಟ್ಟದ್ದು ಎಂದೇ ಹೇಳೀತು. ಪಾಠ ಆಗಿದೆ, ಉತ್ತರ ಬಾಯಿಗೆ ಬಂದಿದೆ. ಆದರೆ ಈ ತಿಳಿವಳಿಕೆಯೊಂದೇ ಮಗುವನ್ನು ಕಾಯುವುದಿಲ್ಲ. ಅದಕ್ಕೆ ಪುರಾವೆ ಪಕ್ಕದ ಗೋವಾದಿಂದಲೇ ಬಂದು ಮೂರು ದಶಕವಾಗುತ್ತ ಬಂತು. ಡಾ. ಶರದ್ ವೈದ್ಯ ಮತ್ತು ಸಂಗಡಿಗರು ಶಾಲಾಮಕ್ಕಳಲ್ಲಿ ನಡೆಸಿದ ಅಧ್ಯಯನ 1996ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ತಂಬಾಕಿನ ಅಪಾಯ ಚೆನ್ನಾಗಿ ಗೊತ್ತಿದ್ದ ಮಕ್ಕಳಲ್ಲೂ, ಸಿಗರೇಟ್ ಕಂಪನಿ ಪ್ರಾಯೋಜಿಸಿದ ಕ್ರಿಕೆಟ್ ಒಮ್ಮೆ ಸೇದಿ ನೋಡುವ ಆಸೆಯನ್ನು ಹೆಚ್ಚಿಸಿತ್ತು. ಸೇದುವುದಕ್ಕೂ ಆಟದ ಕಸುವಿಗೂ ಇಲ್ಲದ ನಂಟೊಂದು ಅವರ ಮನಸ್ಸಿನಲ್ಲಿ ಬೆಸೆದುಕೊಂಡಿತ್ತು.

2003ರ ಕಾಯಿದೆ ತಂಬಾಕಿನ ಜಾಹೀರಾತನ್ನು ನಿಷೇಧಿಸಿತು. ಈಗ ಕ್ರಿಕೆಟ್ಟಿನ ಓವರುಗಳ ನಡುವೆ ಬರುವುದು ಏಲಕ್ಕಿ. ಹೆಸರು, ಅಕ್ಷರದ ಬಣ್ಣ, ಘೋಷಣೆ ಎಲ್ಲವೂ ಪಾನ್ ಮಸಾಲಾದ್ದೇ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿದ ಮೇಲೆ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದವು. ಬೆರೆಸುವ ಕೆಲಸ ಕೊಂಡವನದ್ದಾಯಿತು. ಇಂಥ ಮರೆಮಾಚಿದ ಜಾಹೀರಾತು ಕೂಡದೆಂದು 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ತಂದರೂ ಏಲಕ್ಕಿ ಪರದೆ ಬಿಟ್ಟು ಇಳಿದಿಲ್ಲ. ಮಕ್ಕಳಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ ಎನ್ನುವವರು ಅಮೆರಿಕದ 1991ರ ಅಧ್ಯಯನವೊಂದನ್ನು ನೋಡಬೇಕು. ಆರು ವರ್ಷದ ಮಕ್ಕಳು ಸಿಗರೇಟ್ ಕಂಪನಿಯ ಒಂಟೆಯ ಚಿತ್ರವನ್ನು ಮಿಕ್ಕಿ ಮೌಸ್‌ನಷ್ಟೇ ಸಲೀಸಾಗಿ ಗುರುತಿಸಿದ್ದರು.

ಬರಲಿರುವ ಕೇಡು ಬಾಯಿಯದು. ಮಸಾಲೆಯಲ್ಲಿರುವ ಅಡಿಕೆಯ ಅರೆಕೋಲಿನ್ ಎಂಬ ಅಂಶ ಕೆನ್ನೆಯ ಒಳಪದರದಲ್ಲಿ ನಾರು ಗಟ್ಟಿಯಾಗುವಂತೆ ಮಾಡುತ್ತದೆ. ಮೊದಲು ಖಾರ ತಿಂದರೆ ಉರಿ, ಆಮೇಲೆ ಬಾಯಿ ಪೂರ್ತಿ ತೆರೆಯಲಾಗದ ಬಿಗಿತ. ಕಟ್ಟಿದ ನಾರು ಮತ್ತೆ ಸಡಿಲವಾಗುವುದು ಅಪರೂಪ. ಹೈದರಾಬಾದಿನ 1996ರ ಅಧ್ಯಯನದಲ್ಲಿ ಎಲೆ ಅಡಿಕೆ ಹಾಕುವವರಲ್ಲಿ ಈ ರೋಗ ಅಭ್ಯಾಸ ಶುರುವಾದ ಸುಮಾರು ಎಂಟೂವರೆ ವರ್ಷಕ್ಕೆ ಕಂಡರೆ, ಪೊಟ್ಟಣದ ಗುಟ್ಕಾ-ಮಸಾಲೆ ಅಗಿಯುವವರಲ್ಲಿ ಮೂರು ವರ್ಷದೊಳಗೇ ಕಂಡಿತ್ತು. ಎರ್ನಾಕುಲಂನಲ್ಲಿ 66 ರೋಗಿಗಳನ್ನು 17 ವರ್ಷ ಗಮನಿಸಿದಾಗ ಶೇ. 7.6ರಷ್ಟು ಮಂದಿಯಲ್ಲಿ ಅದು ಕ್ಯಾನ್ಸರಿಗೆ ತಿರುಗಿತ್ತು. ಹದಿಮೂರಕ್ಕೆ ಶುರು ಮಾಡಿದ ಹುಡುಗನಿಗೆ ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೇ ತುತ್ತು ಬಾಯಿಗಿಡಲು ಕಷ್ಟವಾಗಬಹುದು ಎಂದರೆ ಅದು ಬೆದರಿಕೆಯಲ್ಲ, ಈ ಲೆಕ್ಕದಿಂದಲೇ ಹೊರಡುವ ಮಾತು.

ಇಲ್ಲಿ ನಮ್ಮ ಜಿಲ್ಲೆಯ ಸಂಕಟವೊಂದಿದೆ. ಅಡಿಕೆ ಇಲ್ಲಿ ಬರೀ ಸರಕಲ್ಲ, ಅನೇಕ ಮನೆಗಳ ಅನ್ನ. ಕವಳದ (ಎಲೆ ಅಡಿಕೆಯ) ತಟ್ಟೆ ಮುಂದಿಡದೆ ನೆಂಟರನ್ನು ಕೂರಿಸುವ ಪದ್ಧತಿಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ, ತಂಬಾಕು ಸೇರದಿದ್ದರೂ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ತೋಟದ ಮನೆಯ ಮಕ್ಕಳ ಎದುರು ಇದನ್ನು ಹೇಳಲು ಮಾಸ್ತರರ ನಾಲಿಗೆ ತಡೆದರೆ ಅದು ಸಹಜ. ಹಾಗೆಂದು ಸುಮ್ಮನಿದ್ದರೆ ಆ ಜಾಗದಲ್ಲಿ ಮಾತಾಡುವುದು ಜಾಹೀರಾತಿನ ಸಿನಿಮಾ ನಟನೇ. ಬೆಳೆಗಾರನನ್ನು ದೂರದೆಯೂ ಜಾಹೀರಾತನ್ನು ಬಿಡಿಸಿ ತೋರಿಸಬಹುದೆಂದು ನಾನು ನಂಬುತ್ತೇನೆ.

ಅದಕ್ಕೆ ಹೊಸ ಪುಸ್ತಕ ಬೇಡ, ಗಣಿತದ ಒಂದು ಅವಧಿ ಸಾಕು. ಘಟ್ಟದ ಮೇಲಿನ ನೆಂಟರಿಂದ ಏಲಕ್ಕಿಯ ದರ ಈ ಮಕ್ಕಳಿಗೆ ಗೊತ್ತಾಗಿರುತ್ತದೆ. ಒಂದು ಪೊಟ್ಟಣದಲ್ಲಿ ಎಷ್ಟು ಗ್ರಾಂ, ಅದಕ್ಕೆ ಎಷ್ಟು ರೂಪಾಯಿ, ನಟನಿಗೂ ಕ್ರಿಕೆಟ್ ಪ್ರಸಾರಕ್ಕೂ ಕೊಡುವ ಕೋಟಿಗಳು ಎಷ್ಟು ಪೊಟ್ಟಣದ ಲಾಭದಿಂದ ಹುಟ್ಟಬೇಕು? ಇದೇ ಹೆಸರಿನ ಯಾವ ಪೊಟ್ಟಣ ಗೂಡಂಗಡಿಯಲ್ಲಿ ಮಾಲೆಯಾಗಿ ತೂಗುತ್ತಿದೆ, ಯಾವುದು ಹುಡುಕಿದರೂ ಸಿಗುವುದಿಲ್ಲ? ಲೆಕ್ಕ ಕೂಡದಿದ್ದಾಗ ಮಕ್ಕಳಿಗೇ ಉತ್ತರ ಹೊಳೆಯುತ್ತದೆ. ‘ತಿನ್ನಬೇಡ’ ಎಂಬ ಆಜ್ಞೆಯನ್ನು ಮೀರುವ ವಯಸ್ಸಿನ ಹುಡುಗನಿಗೂ ತನ್ನನ್ನು ಯಾರೋ ಮರುಳು ಮಾಡಿದರೆಂಬುದು ಸಹನೆಯಾಗುವುದಿಲ್ಲ. ಜಾಹೀರಾತಿಗೆ ಮಾರುವ ಉದ್ದೇಶವಿದೆ ಎಂಬುದೇ ಎಂಟು ವರ್ಷದೊಳಗಿನ ಮಕ್ಕಳಿಗೆ ಸರಿಯಾಗಿ ತಿಳಿಯುವುದಿಲ್ಲವೆಂದು ಅಮೆರಿಕದ ಮನೋವಿಜ್ಞಾನಿಗಳ ಸಂಘ 2004ರಲ್ಲೇ ಹೇಳಿದೆ. ಆದ್ದರಿಂದ ನಾಲ್ಕು, ಐದನೇ ತರಗತಿಯಲ್ಲಿ ತೊಡಗಿ ವರ್ಷವರ್ಷವೂ ಮತ್ತೆ ಮಾಡಬೇಕು. ಕಾನೂನಿನ ಕೆಲಸವನ್ನು ಮಾಸ್ತರರ ತಲೆಗೆ ಕಟ್ಟುವುದೂ ಸರಿಯಲ್ಲ. ಶಾಲೆಯಿಂದ 100 ಮೀಟರಿನೊಳಗೆ ತಂಬಾಕು ಮಾರಕೂಡದೆಂಬ ನಿಯಮವನ್ನು ಪಂಚಾಯಿತಿ ಮತ್ತು ಪೊಲೀಸರು ಅಳತೆ ಪಟ್ಟಿ ಹಿಡಿದೇ ಜಾರಿ ಮಾಡಲಿ.

ಶಾಲೆಗಳು ಗಮನಿಸಬೇಕಾದ ಇನ್ನೊಂದು ಸಂಗತಿ ದಿನದರ್ಶಿಕೆಯದು. ಐಪಿಎಲ್ ಸಾಮಾನ್ಯವಾಗಿ ಮಾರ್ಚ್ ಕೊನೆಗೆ ಶುರುವಾಗಿ ಮೇ ತನಕ ನಡೆಯುತ್ತದೆ. ಏಪ್ರಿಲ್ ಎರಡನೇ ವಾರದಿಂದ ನಮ್ಮ ಮಕ್ಕಳಿಗೆ ರಜೆ. ಅತಿ ಹೆಚ್ಚು ಜಾಹೀರಾತು ಬೀಳುವ ವಾರಗಳಲ್ಲಿ ಅವರು ಮನೆಯಲ್ಲಿ, ಟಿವಿ, ಮೊಬೈಲಿನ ಮುಂದೆ ಇರುತ್ತಾರೆ. ಈ ಪಾಠ ಜೂನ್‌ಗೆ ಕಾಯುವಂತಿಲ್ಲ, ಫೆಬ್ರವರಿಯೊಳಗೆ ಆಗಬೇಕು.