ಸ್ಕೂಟರ್ ಕೀ ಕೊಡುವ ಮುನ್ನ

ಜುಮಾಗೆ ಹೊತ್ತಾಯಿತೆಂದು ಹದಿನಾರರ ಮಗನ ಕೈಗೆ ಸ್ಕೂಟರ್ ಕೀ ಕೊಡುತ್ತೀರಾ? ಲೈಸೆನ್ಸ್ ಇಲ್ಲದ ಅವನು ಯಾರಿಗಾದರೂ ಡಿಕ್ಕಿ ಹೊಡೆದರೆ, ವಿಮಾ ಕಂಪೆನಿ ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ನಿಮ್ಮಿಂದಲೇ ವಸೂಲು ಮಾಡಬಹುದು. ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಬೇರೆ.

ಥರ್ಡ್ ಪಾರ್ಟಿ ವಿಮೆಯ ದರ ಸರಕಾರವೇ ಗೊತ್ತುಪಡಿಸಿದ್ದು, ಚೌಕಾಸಿ ಇಲ್ಲ. ಅದು ನಮ್ಮಿಂದ ಪೆಟ್ಟು ತಿಂದವರ ಹಕ್ಕು, ತಪ್ಪಿಸಬೇಡಿ. ಉಳಿತಾಯ ಬೇಕೇ? ಸ್ವಂತ ವಾಹನದ ಹಾನಿಗೆ ಮಾಡಿಸುವ ವಿಮೆಯನ್ನು ನಾಲ್ಕು ಕಡೆ ವಿಚಾರಿಸಿ. ಕ್ಲೇಮ್ ಮಾಡದಿದ್ದರೆ ಮೊದಲ ವರ್ಷಕ್ಕೆ ಶೇ. 20 ರಿಯಾಯಿತಿ, ಐದು ವರ್ಷಕ್ಕೆ ಶೇ. 50. ಅವಧಿ ಮುಗಿದು 90 ದಿನ ದಾಟಿದರೆ ಅದೂ ಹೋಯಿತು.

ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಹಿಂದೆ ಕೂತ ಮಡದಿಗೆ ಪರಿಹಾರ ಸಿಗದಿರಬಹುದು, ಕೇಳಿ ಸೇರಿಸಿಕೊಳ್ಳಿ. ಮಸೀದಿ ತಲುಪುವವರೆಗೆ ಟೋಪಿ ಜೇಬಿನಲ್ಲಿರಲಿ, ಹೆಲ್ಮೆಟ್ ಪಟ್ಟಿ ಬಿಗಿಯಿರಲಿ.